ಒಂಟಾರಿಯೊದ ಫ್ರೆಂಚ್ ಭಾಷಿಕರು: ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು

ಕೆನಡಾದ ಫ್ರೆಂಚರು ಎಂದರೆ ಮೊದಲು ನೆನಪಾಗುವುದು ಕ್ವಿಬೆಕ್ ಪ್ರಾಂತ್ಯ. ಆದರೆ ಅದರ ಪಕ್ಕದ ಒಂಟಾರಿಯೊದಲ್ಲೂ ಹದಿನೆಂಟನೆಯ ಶತಮಾನದಿಂದ ಫ್ರೆಂಚ್ ಭಾಷಿಕರು ನೆಲೆಸಿದ್ದಾರೆ. 2016ರ ಜನಗಣತಿಯಂತೆ ಅವರ ಸಂಖ್ಯೆ 6,22,415; ಪ್ರಾಂತ್ಯದ ಜನಸಂಖ್ಯೆಯಲ್ಲಿ ಶೇ. 4.7. ಕ್ವಿಬೆಕಿನ ಹೊರಗೆ ಇದಕ್ಕಿಂತ ದೊಡ್ಡ ಫ್ರೆಂಚ್ ಸಮುದಾಯ ಕೆನಡಾದಲ್ಲಿ ಇಲ್ಲ. ಒಟ್ಟಾವಾ ನಗರ ಮತ್ತು ಅದರ ಪೂರ್ವಕ್ಕಿರುವ ಬೇಸಾಯದ ಪ್ರದೇಶ, ಉತ್ತರದಲ್ಲಿ ಗಣಿ ಮತ್ತು ಮರದ ಉದ್ಯಮದಿಂದ ಬೆಳೆದ ಸಡ್‌ಬರಿ, ಟಿಮ್ಮಿನ್ಸ್, ಹರ್ಸ್ಟ್‌ನಂಥ ಊರುಗಳು, ನೈಋತ್ಯದ ವಿಂಡ್ಸರ್, ಈಚಿನ ದಶಕಗಳಲ್ಲಿ ಟೊರಾಂಟೊ ಇವರ ಮುಖ್ಯ ನೆಲೆಗಳು. ಇಂಗ್ಲಿಷಿನ ಎದುರು ತಮ್ಮ ನುಡಿಯನ್ನು ಉಳಿಸಿಕೊಂಡ ಹೋರಾಟದ ಕಥೆಯಾಗಿಯೇ ಇವರ ಚರಿತ್ರೆಯನ್ನು ಬರೆಯುವುದು ರೂಢಿ. ಆ ಕಥೆ ಸತ್ಯವಾದದ್ದು, ಗೌರವಕ್ಕೆ ಅರ್ಹವಾದದ್ದು. ಆದರೂ ಅದರೊಳಗೆ ಇನ್ನೊಂದು ಪ್ರಶ್ನೆ ಬಹಳ ಕಾಲ ಮರೆಯಾಗಿ ಉಳಿಯಿತು: ಈ ಸಮುದಾಯದ ಒಳಗೇ ಯಾರ ಮಾತು ನಡೆಯುತ್ತದೆ, ಯಾರ ಫ್ರೆಂಚಿಗೆ ಬೆಲೆಯಿದೆ, ಯಾರ ದುಡಿಮೆ ಲೆಕ್ಕಕ್ಕೆ ಬರುವುದಿಲ್ಲ? ಬಣ್ಣ, ಲಿಂಗ, ಭಾಷೆ ಎಂಬ ಮೂರು ಅಸಮಾನತೆಗಳು ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಇವುಗಳ ಬೇರು ಹಕ್ಕು ಕೇಳುವಾಗ ಸಮುದಾಯ ತನ್ನನ್ನು ತಾನು ಬಣ್ಣಿಸಿಕೊಂಡ ಬಗೆಯಲ್ಲೇ ಇದೆ ಎಂಬುದು ಈ ಲೇಖನದ ವಾದ. ಭಾಷೆಯನ್ನು ಹುಟ್ಟಿನಿಂದ ಬರುವ ಆಸ್ತಿ ಎಂದು ಎಣಿಸಿದಾಗ ಹೆಂಗಸು ಅದನ್ನು ಮುಂದಿನ ಪೀಳಿಗೆಗೆ ದಾಟಿಸಬೇಕಾದವಳಾಗುತ್ತಾಳೆ; ಹೊರಗಿನಿಂದ ಬಂದ ಕಪ್ಪು ಮನುಷ್ಯ ಎಷ್ಟೇ ಚೆನ್ನಾಗಿ ಫ್ರೆಂಚ್ ಮಾತಾಡಿದರೂ ಅದರ ವಾರಸುದಾರನಾಗುವುದಿಲ್ಲ; ಹೊರಗಿನಿಂದ ಬಂದ ಕಪ್ಪು ಹೆಂಗಸು ಎರಡೂ ಲೆಕ್ಕದಿಂದ ಬಿಟ್ಟುಹೋಗುತ್ತಾಳೆ.

ಈ ಸಮುದಾಯ ಮೊದಲು ಬಿಳಿಯರದೇ ಆಗಿತ್ತು, ಬಣ್ಣದ ಪ್ರಶ್ನೆ ವಲಸೆಯ ಜೊತೆ ಈಚೆಗೆ ಬಂತು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಪೂರ್ತಿ ನಿಜವಲ್ಲ. ಡೆಟ್ರಾಯಿಟ್ ನದಿಯ ಒಂದು ದಡದಲ್ಲಿ 1701ರಲ್ಲಿ ಫ್ರೆಂಚರು ಕೋಟೆ ಕಟ್ಟಿದರು. ಎದುರು ದಡದಲ್ಲಿ, ಇಂದಿನ ವಿಂಡ್ಸರ್ ಇರುವಲ್ಲಿ, 1749ರಿಂದ ಫ್ರೆಂಚ್ ಬೇಸಾಯಗಾರರು ನೆಲೆ ನಿಂತರು. ಆ ನದಿಯ ಎರಡೂ ಕಡೆಯ ಉಳ್ಳವರ ಮನೆಗಳಲ್ಲಿ ಮೂಲನಿವಾಸಿಗಳೂ ಆಫ್ರಿಕಾ ಮೂಲದವರೂ ಗುಲಾಮರಾಗಿದ್ದರು. ಹೊಸ ಗುಲಾಮರನ್ನು ತರುವುದನ್ನು ತಡೆಯುವ ಕಾನೂನು ಮೇಲಣ ಕೆನಡಾದಲ್ಲಿ, ಅಂದರೆ ಇಂದಿನ ಒಂಟಾರಿಯೊದಲ್ಲಿ, ಬಂದದ್ದು 1793ರಲ್ಲಿ. ಆಗಲೂ ಇದ್ದವರಿಗೆ ಬಿಡುಗಡೆ ಸಿಗಲಿಲ್ಲ. ಆ ಮನೆಗಳಲ್ಲಿ ದುಡಿದವರ ಕಿವಿಗೂ ಬಾಯಿಗೂ ಫ್ರೆಂಚ್ ಹತ್ತಿರವಾಗಿತ್ತು. ಆದರೆ ಫ್ರೆಂಚ್ ಒಂಟಾರಿಯೊದ ಪೂರ್ವಜರ ಪಟ್ಟಿಯಲ್ಲಿ ಅವರನ್ನು ಯಾರೂ ಸೇರಿಸಲಿಲ್ಲ. ಬೇಸಾಯಗಾರ, ಪಾದ್ರಿ, ತುಪ್ಪಳದ ವ್ಯಾಪಾರಿ ಇಷ್ಟೇ ಜನರಿಂದ ಮೂಲದ ಕಥೆ ಕಟ್ಟಲಾಯಿತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಫ್ರೆಂಚ್ ಕೆನಡಾದ ನಾಯಕರು ತಮ್ಮ ಜನರನ್ನು 'ಕುಲ' ಎಂದೇ ಕರೆದುಕೊಳ್ಳುತ್ತಿದ್ದರು. ಒಂದೇ ರಕ್ತ, ಒಂದೇ ನುಡಿ, ಒಂದೇ ಕ್ಯಾಥೊಲಿಕ್ ಧರ್ಮ ಎಂಬುದು ಅವರ ತಿಳುವಳಿಕೆ. ಇಂಗ್ಲಿಷರ ಒತ್ತಡದ ಎದುರು ಅದು ಒಗ್ಗಟ್ಟು ಕೊಟ್ಟಿತು ಎನ್ನುವುದನ್ನು ಅಲ್ಲಗಳೆಯಲಾಗದು. ಆದರೆ ಹಾಗೆ ಎಳೆದ ಗಡಿಯ ಹೊರಗೆ ಉಳಿದವರು ಯಾರು ಎನ್ನುವುದನ್ನೂ ನೋಡಬೇಕು.

ಆ ಒತ್ತಡ ಎಂಥದು ಎಂಬುದಕ್ಕೆ 1912ರಲ್ಲಿ ಪ್ರಾಂತ್ಯ ಸರ್ಕಾರ ಹೊರಡಿಸಿದ 17ನೆಯ ನಿಯಮವೇ ಸಾಕ್ಷಿ. ಶಾಲೆಯ ಮೊದಲ ಎರಡು ವರ್ಷ ಕಳೆದ ಮೇಲೆ ಫ್ರೆಂಚ್ ಮಾಧ್ಯಮದಲ್ಲಿ ಕಲಿಸುವುದನ್ನು ಅದು ನಿಲ್ಲಿಸಿತು. ಇಂಗ್ಲಿಷ್ ಪ್ರಾಟೆಸ್ಟೆಂಟರಷ್ಟೇ ಅಲ್ಲ, ಬಿಷಪ್ ಮೈಕೆಲ್ ಫ್ಯಾಲನ್‌ರಂಥ ಐರಿಷ್ ಕ್ಯಾಥೊಲಿಕರೂ ಅದರ ಬೆನ್ನಿಗಿದ್ದರು. 1910ರಲ್ಲಿ ಹುಟ್ಟಿದ್ದ ಫ್ರೆಂಚ್ ಶಿಕ್ಷಣ ಸಂಘ ಪ್ರತಿಭಟನೆಗೆ ನಿಂತಿತು. ಸೆನೆಟರ್ ನೆಪೋಲಿಯನ್ ಬೆಲ್ಕೂರ್ ಅದರ ಮುಂದಾಳು. ಆದರೆ ಹೋರಾಟದ ಕಣ ನ್ಯಾಯಾಲಯಕ್ಕಿಂತ ಮೊದಲು ಶಾಲೆಯ ಬಾಗಿಲಾಗಿತ್ತು. ಒಟ್ಟಾವಾದ ಕೆಳಪೇಟೆಯ ಗಿಗ್ ಶಾಲೆಯಲ್ಲಿ ಬಿಯಾಟ್ರಿಸ್ ಮತ್ತು ಡಯಾನ್ ದೆಲೋಜ್ ಎಂಬ ಅಕ್ಕತಂಗಿಯರು ನಿಯಮ ಧಿಕ್ಕರಿಸಿ ಫ್ರೆಂಚಿನಲ್ಲಿ ಪಾಠ ಹೇಳುತ್ತಿದ್ದರು. ಸಂಬಳ ನಿಂತಿತು, ಅವರು ಪಾಠ ನಿಲ್ಲಿಸಲಿಲ್ಲ. 1916ರ ಜನವರಿಯ ಚಳಿಯಲ್ಲಿ ಮಕ್ಕಳ ತಾಯಂದಿರು ಶಾಲೆಯನ್ನು ಸುತ್ತುವರಿದು ಕಾವಲು ಕೂತರು. ಅವರ ಕೈಯಲ್ಲಿ ಇದ್ದದ್ದು ಟೋಪಿಗೆ ಚುಚ್ಚುವ ಉದ್ದನೆಯ ಪಿನ್ನುಗಳು, ಕತ್ತರಿಗಳು, ಲಟ್ಟಣಿಗೆಗಳು. ಶಿಕ್ಷಕಿಯರನ್ನು ಹೊರಹಾಕಲು ಬಂದ ಪೊಲೀಸರು ಹಿಂದೆ ಸರಿಯಬೇಕಾಯಿತು. ಪೆಂಬ್ರೋಕ್ ಎಂಬ ಊರಿನಲ್ಲಿ 1923ರಲ್ಲಿ ಜಾನ್ ಲಾಜುವಾ ಎಂಬ ಯುವ ಶಿಕ್ಷಕಿ ಬೇರೆಯದೇ ಒಂದು ಸ್ವತಂತ್ರ ಶಾಲೆ ನಡೆಸಿದರು. 1927ರಲ್ಲಿ ಸರ್ಕಾರ ನಿಯಮವನ್ನು ಸಡಿಲಿಸಿತು.

ಟೋಪಿ ಪಿನ್ನಿನ ಈ ಹೋರಾಟ ಇಂದಿಗೂ ಸಮುದಾಯದ ಹೆಮ್ಮೆಯ ನೆನಪು. ಹೆಮ್ಮೆ ಸರಿಯಾದದ್ದೇ. ಆದರೆ ಗಿಗ್ ಶಾಲೆಯ ಬಾಗಿಲಲ್ಲಿ ನಿಂತ ಆ ತಾಯಂದಿರಿಗೆ ಆ ದಿನ ಪ್ರಾಂತ್ಯದ ಚುನಾವಣೆಯಲ್ಲಿ ಮತ ಇರಲಿಲ್ಲ. ಒಂಟಾರಿಯೊದ ಹೆಂಗಸರಿಗೆ ಮತದ ಹಕ್ಕು ಬಂದದ್ದು 1917ರಲ್ಲಿ. ಸಮುದಾಯದ ಸಂಘಸಂಸ್ಥೆಗಳಲ್ಲೂ ತೀರ್ಮಾನ ಮಾಡುತ್ತಿದ್ದವರು ವಕೀಲರು, ಪಾದ್ರಿಗಳು, ರಾಜಕಾರಣಿಗಳು. ಒಟ್ಟಾವಾದಲ್ಲಿ 1926ರಲ್ಲಿ ಆರಂಭವಾಗಿ 1965ರವರೆಗೆ ನಡೆದ ಜಾಕ್ ಕಾರ್ತಿಯೆ ಮಂಡಲಿ ಎಂಬ ಗುಪ್ತ ಸಂಘ ಫ್ರೆಂಚ್ ಕೆನಡಾದ ನೌಕರಿ, ಶಾಲೆ, ಸಂಸ್ಥೆಗಳ ಮೇಲೆ ತೆರೆಮರೆಯಿಂದ ಪ್ರಭಾವ ಬೀರಿತು. ಅದರೊಳಗೆ ಗಂಡಸರಿಗೆ ಮಾತ್ರ ಪ್ರವೇಶ. ಇತ್ತ ಹೆಂಗಸರ ಪಾಲಿಗೆ ಬಂದ ಕರ್ತವ್ಯವೇ ಬೇರೆ. 1918ರಲ್ಲಿ ಜೆಸ್ಯೂಟ್ ಪಾದ್ರಿ ಲೂಯಿ ಲಾಲಾಂಡ್ 'ತೊಟ್ಟಿಲುಗಳ ಸೇಡು' ಎಂಬ ಮಾತನ್ನು ಚಾಲ್ತಿಗೆ ತಂದರು. ಇಂಗ್ಲಿಷರು ಯುದ್ಧದಲ್ಲಿ ಗೆದ್ದದ್ದನ್ನು ಫ್ರೆಂಚ್ ತಾಯಂದಿರು ಹೆಚ್ಚು ಮಕ್ಕಳನ್ನು ಹೆತ್ತು ಹಿಂದಕ್ಕೆ ಪಡೆಯಬೇಕು ಎಂಬುದು ಅದರ ಇಂಗಿತ. ಹೆತ್ತು, ಹಾಡಿ, ಕಲಿಸಿ, ಜಪ ಹೇಳಿಕೊಟ್ಟು ಭಾಷೆಯನ್ನು ಉಳಿಸುವುದು ತಾಯಿಯ ಧರ್ಮವೆನಿಸಿತು. ಆ ಭಾಷೆಯ ಹೆಸರಿನಲ್ಲಿ ಮಾತಾಡುವುದು ಗಂಡಸಿನ ಅಧಿಕಾರವೆನಿಸಿತು. 1845ರಲ್ಲಿ ಸನ್ಯಾಸಿನಿ ಎಲಿಜಬೆತ್ ಬ್ರೂಯೇರ್ ಒಟ್ಟಾವಾಕ್ಕೆ ಬಂದು ಶಾಲೆ, ಆಸ್ಪತ್ರೆ ತೆರೆದಂದಿನಿಂದ ಸನ್ಯಾಸಿನಿಯರು ಪೀಳಿಗೆಗಳ ಕಾಲ ಬಹುಪಾಲು ಸಂಬಳವಿಲ್ಲದೆ ಫ್ರೆಂಚ್ ಸಂಸ್ಥೆಗಳನ್ನು ನಡೆಸಿದರು. ಅದನ್ನು ಸೇವೆ ಎಂದರು, ದುಡಿಮೆ ಎನ್ನಲಿಲ್ಲ. 1914ರಲ್ಲಿ ಅಲ್ಮಾಂಡಾ ವಾಕರ್-ಮಾರ್ಶಾಂ ಫ್ರೆಂಚ್ ಕೆನಡಾದ ಹೆಂಗಸರ ಒಕ್ಕೂಟವನ್ನು ಪ್ರತ್ಯೇಕವಾಗಿ ಕಟ್ಟಿದ್ದಕ್ಕೆ ಈ ಸ್ಥಿತಿಯ ಅರಿವೂ ಒಂದು ಕಾರಣ ಎಂದು ನಾನು ತಿಳಿಯುತ್ತೇನೆ. ಮುಂದೆ 1997ರಲ್ಲಿ ಫ್ರೆಂಚಿನಲ್ಲಿ ಸೇವೆ ಕೊಡುವ ಒಟ್ಟಾವಾದ ಮೊಂಫೋರ್ ಆಸ್ಪತ್ರೆಯನ್ನು ಮುಚ್ಚಲು ಹೊರಟಾಗ ಜಿಸೆಲ್ ಲಾಲೋಂಡ್ ಮುಂದಾಳಾಗಿ ನಿಂತು, 2001ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆಲುವು ಪಡೆದರು. ಸಮುದಾಯದ ಹೆಸರಿನಲ್ಲಿ ಹೆಂಗಸು ಮಾತಾಡುವುದು ಅಷ್ಟು ಹೊತ್ತಿಗೆ ಸಾಧ್ಯವಾಗಿತ್ತು. ಆದರೆ ಆ ಗೆಲುವಿನ ಬಾಗಿಲು ಎಲ್ಲ ಹೆಂಗಸರಿಗೂ ಒಂದೇ ಅಳತೆಯಲ್ಲಿ ತೆರೆದಿರಲಿಲ್ಲ.

ಹುಟ್ಟನ್ನು ಆಧಾರವಾಗಿಟ್ಟ ಈ ಕಲ್ಪನೆ ಮುಂದೆ ಕಾನೂನಿನ ರೂಪ ಪಡೆಯಿತು. ಕೆನಡಾದ ಸಂವಿಧಾನದ ಭಾಗವಾದ 1982ರ ಹಕ್ಕುಗಳ ಸನ್ನದಿನ 23ನೆಯ ವಿಧಿ ಅಲ್ಪಸಂಖ್ಯಾತರ ಭಾಷೆಯಲ್ಲಿ ಶಿಕ್ಷಣ ಪಡೆಯುವ ಹಕ್ಕನ್ನು ಕೊಡುತ್ತದೆ. ಯಾರಿಗೆ? ಕೆನಡಾದ ಪೌರರಿಗೆ; ಅವರಲ್ಲೂ ಫ್ರೆಂಚನ್ನು ತಾಯ್ನುಡಿಯಾಗಿ ಕಲಿತವರಿಗೆ, ಇಲ್ಲವೇ ಕೆನಡಾದಲ್ಲೇ ಫ್ರೆಂಚ್ ಮಾಧ್ಯಮದಲ್ಲಿ ಪ್ರಾಥಮಿಕ ಶಾಲೆ ಓದಿದವರಿಗೆ, ಇಲ್ಲವೇ ಮಕ್ಕಳಲ್ಲಿ ಒಬ್ಬರನ್ನು ಈಗಾಗಲೇ ಕೆನಡಾದಲ್ಲಿ ಹಾಗೆ ಓದಿಸಿದವರಿಗೆ. ಈ ಸಾಲುಗಳು ನಿತ್ಯಜೀವನದಲ್ಲಿ ಹೇಗೆ ಕೆಲಸ ಮಾಡುತ್ತವೆ ನೋಡಿ. ಕಿನ್ಶಾಸಾದಲ್ಲಿ ಒಂದನೇ ತರಗತಿಯಿಂದ ಪದವಿಯವರೆಗೆ ಫ್ರೆಂಚಿನಲ್ಲೇ ಓದಿದ ದಂಪತಿ ಒಂಟಾರಿಯೊಗೆ ಬಂದು ಕಾಯಂ ನಿವಾಸಿಗಳಾಗಿ ನೆಲೆಸುತ್ತಾರೆ. ಅವರ ತಾಯ್ನುಡಿ ಲಿಂಗಾಲಾ. ಮಕ್ಕಳ ಜೊತೆ ಮನೆಯಲ್ಲಿ ಮಾತಾಡುವುದು ಫ್ರೆಂಚ್. ಇನ್ನೂ ಪೌರತ್ವ ಸಿಗದ ಕಾರಣ ಅವರಿಗೆ 23ನೆಯ ವಿಧಿಯ ಹಕ್ಕಿಲ್ಲ. ಮಗುವಿನ ಅರ್ಜಿ ಶಾಲಾ ಮಂಡಳಿಯ ಪ್ರವೇಶ ಸಮಿತಿಯ ಮುಂದೆ ಹೋಗಬೇಕು. ಮುಖ್ಯೋಪಾಧ್ಯಾಯರು, ಒಬ್ಬ ಶಿಕ್ಷಕ, ಒಬ್ಬ ಮೇಲ್ವಿಚಾರಣಾಧಿಕಾರಿ ಕೂತು ತೀರ್ಮಾನಿಸುತ್ತಾರೆ. ಅದೇ ಬೀದಿಯಲ್ಲಿ ಪೌರನಾದ ತಂದೆಯ ತಾಯ್ನುಡಿ ಫ್ರೆಂಚ್ ಆಗಿದ್ದು ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ಮಗು ಸಂವಿಧಾನದ ಹಕ್ಕಿನಿಂದ ನೇರವಾಗಿ ಶಾಲೆಗೆ ಸೇರುತ್ತದೆ. ಆ ಮಗುವಿಗೆ ಹಕ್ಕಿರುವುದು ತಪ್ಪಲ್ಲ. ಇಂಗ್ಲಿಷಿನ ಪಾಲಾದ ಮನೆಗಳನ್ನು ಮತ್ತೆ ಫ್ರೆಂಚಿಗೆ ಸೆಳೆಯುವುದೂ ಆ ವಿಧಿಯ ಉದ್ದೇಶವೇ. ಆದರೆ ಭಾಷೆ ಬಲ್ಲವರಿಗೆ ವಿನಾಯಿತಿಯಾಗಿ ಸಿಗುವುದು, ಭಾಷೆ ಬಾರದ ವಾರಸುದಾರರಿಗೆ ಹಕ್ಕಾಗಿ ಸಿಗುತ್ತದೆ. ಕಾನೂನಿನಲ್ಲಿ ಬಣ್ಣದ ಪ್ರಸ್ತಾಪವೇ ಇಲ್ಲ. ಆದರೂ ತಾಯ್ನುಡಿ ಮತ್ತು ಕೆನಡಾದ ಶಾಲೆ ಎಂಬ ಎರಡು ಅಳತೆಗೋಲುಗಳು ಆಫ್ರಿಕಾದಿಂದ ಬಂದವರನ್ನೇ ಹೆಚ್ಚಾಗಿ ಹೊರಗೆ ನಿಲ್ಲಿಸುತ್ತವೆ, ಏಕೆಂದರೆ ಅಲ್ಲಿ ಫ್ರೆಂಚ್ ಬಹುತೇಕರಿಗೆ ಶಾಲೆಯ, ಕಚೇರಿಯ ಭಾಷೆಯೇ ಹೊರತು ತೊಟ್ಟಿಲಿನ ಭಾಷೆಯಲ್ಲ.

ಹಾಗೆ ಬಂದವರ ಸಂಖ್ಯೆ 1990ರ ದಶಕದಲ್ಲಿ ಬೆಳೆಯಿತು. ಸೊಮಾಲಿಯಾ, ಜಿಬೂಟಿಗಳಿಂದ, ನರಮೇಧದ ನಂತರ ರುವಾಂಡಾದಿಂದ, ಬುರುಂಡಿಯಿಂದ, ಯುದ್ಧ ಹೊತ್ತಿಕೊಂಡ ಕಾಂಗೋದಿಂದ ಜನ ಬಂದರು. ಹೈಟಿ, ಲೆಬನಾನ್, ಮೊರಾಕೊ, ಕ್ಯಾಮರೂನ್, ಮಾರಿಷಸ್ ಮೂಲದವರೂ ಇದ್ದರು. ಇವರು ಬಂದ ಮೇಲೆ ಫ್ರೆಂಚ್ ಶಾಲೆಗಳಲ್ಲಿ ಏನಾಯಿತು ಎಂಬುದನ್ನು ಸಂಶೋಧಕರು ಹತ್ತಿರದಿಂದ ನೋಡಿ ಬರೆದಿದ್ದಾರೆ. ಟೊರಾಂಟೊ ಭಾಗದ ಒಂದು ಫ್ರೆಂಚ್ ಪ್ರೌಢಶಾಲೆಯ ಬಗ್ಗೆ ಮೋನಿಕಾ ಹೆಲರ್ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಮುಖ್ಯವಾದದ್ದು. ಇಂಗ್ಲಿಷಿನಿಂದ ದೂರವಾದ, ಏಕರೂಪದ ಫ್ರೆಂಚ್ ವಲಯವಾಗಿ ಶಾಲೆ ತನ್ನನ್ನು ಕಟ್ಟಿಕೊಂಡಿತ್ತು; ಒಳಗಿದ್ದ ಮಕ್ಕಳ ಭಾಷಾಲೋಕಗಳು ಮಾತ್ರ ಬೇರೆಬೇರೆಯಾಗಿದ್ದವು. ಒಂಟಾರಿಯೊದ ಹಳೆಯ ದುಡಿಯುವ ಕುಟುಂಬಗಳ ಮಕ್ಕಳು ಇಂಗ್ಲಿಷ್ ಬೆರೆತ ಆಡುನುಡಿ ಮಾತಾಡುತ್ತಿದ್ದರು, ಸೊಮಾಲಿ ಮಕ್ಕಳು ಶಾಲೆಯಲ್ಲಿ ಕಲಿತ ಶುದ್ಧ ಫ್ರೆಂಚ್ ತಂದಿದ್ದರು. ಶಾಲೆಯ ಸ್ವಂತ ಮಾನದಂಡದಲ್ಲಿ ಅಳೆದರೆ ಸೊಮಾಲಿ ಮಕ್ಕಳೇ ಮುಂದಿರಬೇಕಿತ್ತು. ಆದರೆ ಶಾಲೆ ತನ್ನ ನಾಡಿನ ಚರಿತ್ರೆಯಾಗಿ ಹೇಳುತ್ತಿದ್ದ ಕಥೆಯಲ್ಲಿ ಅವರಿಗೆ ಜಾಗವಿರಲಿಲ್ಲ.

ಅದೇ ದಶಕದಲ್ಲಿ ನೈಋತ್ಯ ಒಂಟಾರಿಯೊದ ಒಂದು ಫ್ರೆಂಚ್ ಶಾಲೆಯಲ್ಲಿ ಆಫ್ರಿಕಾ ಮೂಲದ ಹದಿಹರೆಯದವರನ್ನು ಅಧ್ಯಯನ ಮಾಡಿದ ಅವಾದ್ ಇಬ್ರಾಹಿಂ ಅವರದು ಇನ್ನಷ್ಟು ಕಣ್ಣು ತೆರೆಸುವ ಬರಹ. ಆಫ್ರಿಕಾದಲ್ಲಿದ್ದಾಗ ಈ ಮಕ್ಕಳು ಸೊಮಾಲಿಗಳು, ಕಾಂಗೋದವರು, ಇಂಥ ಮನೆತನದವರು. ಕೆನಡಾದಲ್ಲಿ ಇಳಿದ ಮೇಲೆ ಎಲ್ಲರೂ ಒಟ್ಟಾಗಿ 'ಕಪ್ಪು' ಆದರು. ಫ್ರೆಂಚ್ ಶಾಲೆಯಲ್ಲಿ ಕೂತೇ ಅವರು ರ‍್ಯಾಪ್ ಮತ್ತು ಹಿಪ್‌ಹಾಪ್ ಮೂಲಕ ಅಮೆರಿಕದ ಕಪ್ಪು ಜನರ ಇಂಗ್ಲಿಷನ್ನು ತಮ್ಮದಾಗಿಸಿಕೊಂಡರು. ಹುಡುಗರು ಅದನ್ನು ಬೇಗ ಅಪ್ಪಿಕೊಂಡರೆ, ಹುಡುಗಿಯರು, ಅದರಲ್ಲೂ ಸ್ವಲ್ಪ ದೊಡ್ಡವರು, ಆಯ್ದು, ಅಳೆದು ತೆಗೆದುಕೊಂಡರು. ಇದನ್ನು ಇಂಗ್ಲಿಷಿನ ಸೆಳೆತ ಎಂದಷ್ಟೇ ವಿವರಿಸಿ ಸುಮ್ಮನಾಗಬಹುದು. ನನಗೆ ಅದು ಸಾಲದು. ಫ್ರೆಂಚ್ ಬಲ್ಲ ಮಗು ಫ್ರೆಂಚ್ ಶಾಲೆಯಲ್ಲೇ ಇಂಗ್ಲಿಷಿನ ಮೊರೆ ಹೋಗುತ್ತದೆ ಎಂದರೆ, ಆ ಶಾಲೆ ಫ್ರೆಂಚಿನೊಳಗೆ ಕಪ್ಪು ಮನುಷ್ಯನಾಗಿ ಬಾಳುವ ದಾರಿಯನ್ನು ಅದಕ್ಕೆ ತೋರಿಸಲಿಲ್ಲ ಎಂದೇ ಅರ್ಥ. ಭಾಷೆ ಉಳಿಸುವುದೇ ಗುರಿಯಾದ ಸಂಸ್ಥೆಗೆ ಇದು ಬರೀ ನೀತಿಯ ಸೋಲಲ್ಲ, ಗುರಿಯಲ್ಲೇ ಆದ ಸೋಲು.

ಭಾಷೆಯೊಳಗಿನ ಮೇಲುಕೀಳು ಬಿಳಿಯರನ್ನೂ ಬಿಟ್ಟಿಲ್ಲ. ಹಾಕ್ಸ್‌ಬರಿ, ಕಾರ್ನ್‌ವಾಲ್, ನಾರ್ತ್ ಬೇ, ಪೆಂಬ್ರೋಕ್ ಊರುಗಳ ಹದಿಹರೆಯದವರ ಮಾತನ್ನು 1970ರ ದಶಕದಿಂದ ದಾಖಲಿಸಿದ ರೇಮಂಡ್ ಮೂಜೋನ್ ಮತ್ತು ಎಡ್ವಾರ್ಡ್ ಬೆನಿಯಾಕ್, ಫ್ರೆಂಚನ್ನು ಎಷ್ಟು ಬಳಸುತ್ತಾರೆ ಎಂಬುದರ ಮೇಲೆ ಆಡುನುಡಿ ಹೇಗೆ ಬದಲಾಗುತ್ತದೆ ಎಂದು ತೋರಿಸಿದರು. ಗಣಿ ಕಾರ್ಮಿಕನ, ಮರ ಕಡಿಯುವವನ ಫ್ರೆಂಚು ಪ್ಯಾರಿಸ್ಸಿನ, ಮಾಂಟ್ರಿಯಲ್‌ನ ಓದುಬಲ್ಲವರ ಫ್ರೆಂಚಿನ ಮುಂದೆ ತಲೆ ತಗ್ಗಿಸುತ್ತದೆ. ಆದರೆ ಎರಡು ಬಗೆಯ ಅವಮಾನಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸಡ್‌ಬರಿಯವನ ಉಚ್ಚಾರ ಹಳ್ಳಿಯದು ಎನಿಸಿದರೂ ಅವನು 'ನಮ್ಮವನು' ಎಂಬುದರಲ್ಲಿ ಅನುಮಾನ ಬರುವುದಿಲ್ಲ. ಕಾಂಗೋದವಳ ವ್ಯಾಕರಣ ಎಷ್ಟೇ ನಿಖರವಾಗಿರಲಿ, ಅವಳ ಉಚ್ಚಾರ ಕೇಳಿದೊಡನೆ ಅವಳು ಎಲ್ಲಿಂದ ಬಂದವಳು ಎಂಬ ಪ್ರಶ್ನೆ ಏಳುತ್ತದೆ. ಮೊದಲನೆಯದರಲ್ಲಿ ಕೇಳುವವರು ತೂಗುವುದು ಭಾಷೆಯನ್ನು. ಎರಡನೆಯದರಲ್ಲಿ ಭಾಷೆಯ ನೆಪದಲ್ಲಿ ಮನುಷ್ಯರನ್ನು.

ಯಾರ್ಕ್ ವಿಶ್ವವಿದ್ಯಾಲಯದ ಗ್ಲೆಂಡನ್ ಕಾಲೇಜಿನ ಗೆರ್ಟ್ರೂಡ್ ಮಿಯಾಂಡಾ ಟೊರಾಂಟೊದಲ್ಲಿ ನೆಲೆಸಿದ ಸಹಾರಾ ದಕ್ಷಿಣದ ಆಫ್ರಿಕಾದ ಫ್ರೆಂಚ್ ಭಾಷಿಕರನ್ನು ಕುರಿತು ಬರೆಯುತ್ತ ಲಿಂಗ, ಭಾಷೆ, ಬಣ್ಣ ಮೂರೂ ಸೇರಿ ಮೂರು ಪಟ್ಟು ಅಂಚಿಗೆ ತಳ್ಳುವುದನ್ನು ಗುರುತಿಸಿದರು. ಅದು ಕೆಲಸ ಮಾಡುವ ರೀತಿ ಇದು. ದೇಶ ಎರಡು ಭಾಷೆಯದು ಎಂದು ನಂಬಿ ಬಂದವಳಿಗೆ ಟೊರಾಂಟೊದಲ್ಲಿ ಫ್ರೆಂಚ್ ಒಂದರಿಂದಲೇ ಬದುಕು ಸಾಗದು ಎಂದು ಬೇಗ ತಿಳಿಯುತ್ತದೆ. ಇಂಗ್ಲಿಷ್ ಕಲಿಯಬೇಕು. ಗಂಡ ಮೊದಲು ತರಗತಿಗೆ ಹೋಗುತ್ತಾನೆ. ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ, ಅತ್ತೆ, ನಾದಿನಿ ಯಾರೂ ಇಲ್ಲದ ಊರಿನಲ್ಲಿ ಅವಳ ಸರದಿ ಹಿಂದೆ ಬೀಳುತ್ತದೆ. ತಾಯ್ನಾಡಿನಲ್ಲಿ ಶಿಕ್ಷಕಿಯೋ ದಾದಿಯೋ ಗುಮಾಸ್ತೆಯೋ ಆಗಿದ್ದವಳ ಪದವಿಗೆ ಇಲ್ಲಿ ಮಾನ್ಯತೆ ಸಿಗುವುದಿಲ್ಲ, 'ಕೆನಡಾದ ಅನುಭವ' ಕೇಳುತ್ತಾರೆ. ಒಂಟಾರಿಯೊ ಮಾನವ ಹಕ್ಕುಗಳ ಆಯೋಗವೇ 2013ರಲ್ಲಿ ಹಾಗೆ ಕೇಳುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಹೇಳಿತು. ಕೊನೆಗೆ ತಕ್ಷಣ ಸಿಗುವ ಕೆಲಸವೆಂದರೆ ವೃದ್ಧರ, ರೋಗಿಗಳ ಆರೈಕೆ, ಇಲ್ಲವೇ ಶುಚಿಗೊಳಿಸುವ ಕೆಲಸ. ಇಲ್ಲಿ ಹಳೆಯ ಎಳೆಯೊಂದು ಮತ್ತೆ ಕಾಣುತ್ತದೆ: ಸನ್ಯಾಸಿನಿಯರು ಸೇವೆಯೆಂದು ಮಾಡಿದ್ದ ಆರೈಕೆಯ ದುಡಿಮೆ ಈಗ ಕಡಿಮೆ ಸಂಬಳಕ್ಕೆ ವಲಸೆ ಬಂದ ಹೆಂಗಸರ ಕೈಗೆ ಬಂದಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹೀಗಿದೆ: ಇದು ಫ್ರೆಂಚ್ ಸಮುದಾಯದ ತಪ್ಪಲ್ಲ, ಇಂಗ್ಲಿಷ್ ಮಾರುಕಟ್ಟೆಯ ತಪ್ಪು, ಶೇ. 5ರಷ್ಟೂ ಇಲ್ಲದ, ತಾನೇ ಉಸಿರು ಹಿಡಿದುಕೊಂಡಿರುವ ಸಮುದಾಯ ಟೊರಾಂಟೊದ ನೌಕರಿ ಪದ್ಧತಿಯನ್ನು ಬದಲಿಸಬಲ್ಲುದೇ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ವಲಸಿಗರ ಬಡತನದ ದೊಡ್ಡ ಪಾಲಿಗೆ ಕಾರಣ ಫ್ರೆಂಚ್ ಸಮುದಾಯದ ಹಿಡಿತಕ್ಕೆ ಮೀರಿದ್ದು. ಆದರೆ ಈ ಸಮುದಾಯ ಸ್ವತಃ ದೊಡ್ಡ ಉದ್ಯೋಗದಾತ ಎಂಬುದನ್ನು ಮರೆಯಬಾರದು. 1998ರ ನಂತರ ಅದರ ಕೈಯಲ್ಲಿ ಹನ್ನೆರಡು ಶಾಲಾ ಮಂಡಳಿಗಳಿವೆ, ಎಂಟು ಕ್ಯಾಥೊಲಿಕ್, ನಾಲ್ಕು ಸಾರ್ವಜನಿಕ. 1990ರಿಂದ ಒಟ್ಟಾವಾದಲ್ಲಿ ಲಾ ಸಿತೆ, 1995ರಿಂದ ಸಡ್‌ಬರಿಯಲ್ಲಿ ಬೊರೆಯಾಲ್ ಎಂಬ ಕಾಲೇಜುಗಳಿವೆ. ಮೊಂಫೋರ್ ಆಸ್ಪತ್ರೆಯಿದೆ, ದೂರದರ್ಶನ ವಾಹಿನಿಯಿದೆ, ನೂರಾರು ಸಂಘಗಳಿವೆ. ಇಲ್ಲಿ ಕೆಲಸದ ಭಾಷೆ ಫ್ರೆಂಚ್. ಇಂಗ್ಲಿಷ್ ಬಾರದು ಎಂಬ ಕಾರಣ ಇಲ್ಲಿ ನಡೆಯುವುದಿಲ್ಲ. ಆದರೂ ಒಂದು ವೈಪರೀತ್ಯ ಎದ್ದು ಕಾಣುತ್ತದೆ: ಫ್ರೆಂಚ್ ಶಾಲೆಗಳಲ್ಲಿ ಶಿಕ್ಷಕರ ಕೊರತೆ ಎಷ್ಟಿದೆಯೆಂದರೆ 2021ರಲ್ಲಿ ಪ್ರಾಂತ್ಯ ಅದಕ್ಕೆಂದೇ ಕಾರ್ಯಯೋಜನೆ ಹೊರಡಿಸಬೇಕಾಯಿತು, ಅದೇ ವೇಳೆ ಆಫ್ರಿಕಾ ಮತ್ತು ಹೈಟಿಯಲ್ಲಿ ತರಬೇತಾದ ಶಿಕ್ಷಕರು ಕಾಯಂ ಹುದ್ದೆ ಪಡೆಯಲು ಪಡುವ ಪಾಡು ಸಂಶೋಧನೆಗಳಲ್ಲಿ ಮತ್ತೆಮತ್ತೆ ದಾಖಲಾಗಿದೆ. ಸಮುದಾಯಕ್ಕೆ ಮೀಸಲಾದ ಸರ್ಕಾರಿ ಹಣ, ಪ್ರಾತಿನಿಧ್ಯ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಕಪ್ಪು ವಲಸಿಗರ ಸಂಘಗಳೇ ಎತ್ತಿದವು. ಅಮಲ್ ಮಾದಿಬ್ಬೊ 2006ರಲ್ಲಿ ಪ್ರಕಟಿಸಿದ ಪುಸ್ತಕ ಈ ಜನರನ್ನು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರು ಎಂದು ಕರೆದು, ಅಧಿಕಾರಕ್ಕೂ ಪ್ರತಿರೋಧಕ್ಕೂ ನಡುವಿನ ಈ ತಿಕ್ಕಾಟವನ್ನು ವಿವರವಾಗಿ ಚರ್ಚಿಸಿತು. ಹೆಂಗಸರ ಮಟ್ಟಿಗೂ ಹೀಗೆಯೇ. ಹಿಂಸೆಗೆ ಒಳಗಾದವರಿಗೆ ಫ್ರೆಂಚಿನಲ್ಲೇ ಆಶ್ರಯ, ಸಲಹೆ ಸಿಗಬೇಕೆಂಬ ಬೇಡಿಕೆಯಿಂದ 1988ರಲ್ಲಿ ಪ್ರಾಂತ್ಯ ಮಟ್ಟದ ಒಕ್ಕೂಟವೊಂದು ಹುಟ್ಟಿತು. ಟೊರಾಂಟೊದ ಒಯಾಸಿಸ್ ಕೇಂದ್ರ 1995ರಿಂದ ಈ ಕೆಲಸದಲ್ಲಿದೆ. ಇವೆಲ್ಲ ಸಮುದಾಯದ ಹಳೆಯ ಮುಂದಾಳುತನ ಕೊಟ್ಟ ಕೊಡುಗೆಗಳಲ್ಲ, ಹೆಂಗಸರೇ ಪಟ್ಟು ಹಿಡಿದು ಕಟ್ಟಿದವು.

ಎರಡನೆಯ ಆಕ್ಷೇಪ ಒಗ್ಗಟ್ಟಿನದು, ಮತ್ತು ಅದನ್ನು ಹಗುರವಾಗಿ ಕಾಣಬಾರದು. 2018ರ ನವೆಂಬರ್ 15ರಂದು ಪ್ರಾಂತ್ಯ ಸರ್ಕಾರ ಫ್ರೆಂಚ್ ಸೇವೆಗಳ ಆಯುಕ್ತರ ಸ್ವತಂತ್ರ ಕಚೇರಿಯನ್ನು ರದ್ದುಮಾಡಿ, ಟೊರಾಂಟೊದಲ್ಲಿ ಬರಬೇಕಿದ್ದ ಫ್ರೆಂಚ್ ವಿಶ್ವವಿದ್ಯಾಲಯವನ್ನೂ ಕೈಬಿಟ್ಟಿತು. ಡಿಸೆಂಬರ್ 1ರಂದು ಪ್ರಾಂತ್ಯದ ಉದ್ದಗಲಕ್ಕೂ ಹತ್ತು ಸಾವಿರಕ್ಕಿಂತ ಹೆಚ್ಚು ಜನ ತಮ್ಮ ಸಮುದಾಯದ ಹಸಿರು-ಬಿಳಿ ಬಾವುಟ ಹಿಡಿದು ಬೀದಿಗಿಳಿದರು; ಆಡಳಿತ ಪಕ್ಷದ ಶಾಸಕಿ ಅಮಾಂಡಾ ಸಿಮಾರ್ ಪಕ್ಷದಿಂದ ಹೊರಬಂದರು; 2021ರಲ್ಲಿ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಇಂಥ ಹೊತ್ತಿನಲ್ಲಿ ಒಳಗಿನ ಬಿರುಕುಗಳನ್ನು ತೋರಿಸಿದರೆ ಎದುರಾಳಿಗೆ ಬಲ ಬರುವುದಿಲ್ಲವೇ ಎಂದು ಕೇಳುವವರ ಆತಂಕ ಅರ್ಥವಾಗುವಂಥದು. ಆದರೆ ಮೌನದಿಂದ ಆಗುವ ನಷ್ಟ ಇನ್ನೂ ದೊಡ್ಡದು ಎಂಬುದನ್ನು 2020ರ ಒಟ್ಟಾವಾ ವಿಶ್ವವಿದ್ಯಾಲಯದ ಪ್ರಕರಣ ತೋರಿಸಿಕೊಟ್ಟಿತು. ತರಗತಿಯಲ್ಲಿ ಉದಾಹರಣೆಯಾಗಿ ಕಪ್ಪು ಜನರ ವಿರುದ್ಧದ ಬೈಗುಳವೊಂದನ್ನು ಉಚ್ಚರಿಸಿದ ಅಧ್ಯಾಪಕರೊಬ್ಬರನ್ನು ಅಮಾನತು ಮಾಡಲಾಯಿತು. ಅವರ ಪರ ಬಹಿರಂಗ ಪತ್ರಕ್ಕೆ ಸಹಿ ಹಾಕಿದ ಫ್ರೆಂಚ್ ಭಾಷಿಕ ಅಧ್ಯಾಪಕರನ್ನು ಭಾಷೆಯ ಹೆಸರಿನಲ್ಲಿ ಹೀಯಾಳಿಸಲಾಯಿತು. ಒಂದು ಕಡೆ ಫ್ರೆಂಚರ ಮೇಲಿನ ದ್ವೇಷ, ಇನ್ನೊಂದು ಕಡೆ ಕಪ್ಪು ಜನರ ಮೇಲಿನ ದ್ವೇಷ ಎಂದು ವಾರಗಟ್ಟಲೆ ವಾದ ನಡೆಯಿತು, ಇವೆರಡೂ ಬೇರೆಬೇರೆ ಜನರ ನೋವು ಎಂಬಂತೆ. ಆ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಮಾತಾಡುವ ಕಪ್ಪು ವಿದ್ಯಾರ್ಥಿ, ವಿದ್ಯಾರ್ಥಿನಿಯರಿದ್ದರು. ಎರಡೂ ಏಟು ತಿನ್ನುವ ಅವರಿಗೆ ಆ ವಾದದಲ್ಲಿ ನಿಲ್ಲುವ ಜಾಗವೇ ಇರಲಿಲ್ಲ. ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಅಮೆರಿಕದ ಕೋರ್ಟುಗಳ ಬಗ್ಗೆ ಹೇಳಿದ್ದೂ ಇದೇ: ಲಿಂಗ ತಾರತಮ್ಯದ ಕಾನೂನು ಬಿಳಿ ಹೆಂಗಸನ್ನು, ವರ್ಣ ತಾರತಮ್ಯದ ಕಾನೂನು ಕಪ್ಪು ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕಪ್ಪು ಹೆಂಗಸಿನ ದೂರು ಎರಡರ ನಡುವೆ ಬಿದ್ದುಹೋಗುತ್ತದೆ. ಕೆನಡಾದಲ್ಲಿ ಭಾಷೆ ಮೂರನೆಯದಾಗಿ ಸೇರಿಕೊಂಡಿದೆ, ಅಷ್ಟೆ.

ಇವೆಲ್ಲ ಹಳೆಯ ಮಾತು, ಸಮುದಾಯ ಬದಲಾಗಿದೆ ಎನ್ನುವುದು ಮೂರನೆಯ ಆಕ್ಷೇಪ. ಬದಲಾದದ್ದು ನಿಜ. 2009ರ ಜೂನ್‌ನಲ್ಲಿ ಪ್ರಾಂತ್ಯ ಸರ್ಕಾರ ಫ್ರೆಂಚ್ ಭಾಷಿಕ ಎಂದರೆ ಯಾರು ಎಂಬ ವ್ಯಾಖ್ಯೆಯನ್ನು ಹಿಗ್ಗಿಸಿತು. ಅಲ್ಲಿಯವರೆಗೆ ತಾಯ್ನುಡಿಯೇ ಆಧಾರ. ಮೇಲೆ ಹೇಳಿದ ಲಿಂಗಾಲಾ ದಂಪತಿ ಪ್ರಾಂತ್ಯದ ಲೆಕ್ಕದಲ್ಲಿ ಫ್ರೆಂಚ್ ಭಾಷಿಕರೇ ಆಗಿರಲಿಲ್ಲ. ಈಗ ತಾಯ್ನುಡಿ ಫ್ರೆಂಚೂ ಇಂಗ್ಲಿಷೂ ಅಲ್ಲದಿದ್ದರೂ ಫ್ರೆಂಚ್ ಬಲ್ಲವರಾಗಿ ಮನೆಯಲ್ಲಿ ಅದನ್ನು ಬಳಸುವವರೂ ಸೇರಿದರು. ಒಂದೇ ಏಟಿಗೆ ಸಮುದಾಯದ ಎಣಿಕೆ ಸುಮಾರು 5.4 ಲಕ್ಷದಿಂದ 5.8 ಲಕ್ಷ ದಾಟಿತು. ಅದೇ ವರ್ಷ ವಲಸಿಗರ ಮಕ್ಕಳ ಶಾಲಾ ಪ್ರವೇಶವನ್ನು ಸುಲಭಗೊಳಿಸುವ ಸೂಚನೆಯೂ ಹೊರಟಿತು. 2023ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ದೇಶದ ಉತ್ತರದ ನಾರ್ತ್‌ವೆಸ್ಟ್ ಟೆರಿಟರೀಸ್ ಪ್ರದೇಶದ ಮೊಕದ್ದಮೆಯೊಂದರಲ್ಲಿ, ಹಕ್ಕು ಹೊಂದಿಲ್ಲದ ಕುಟುಂಬಗಳ ಮಕ್ಕಳಿಗೆ ಪ್ರವೇಶ ನಿರಾಕರಿಸುವಾಗಲೂ 23ನೆಯ ವಿಧಿಯ ಮೌಲ್ಯಗಳನ್ನು ಅಲ್ಲಿನ ಶಿಕ್ಷಣ ಮಂತ್ರಿ ತೂಗಿ ನೋಡಲೇಬೇಕು ಎಂದು ಹೇಳಿತು. ಇವು ದೊಡ್ಡ ಹೆಜ್ಜೆಗಳು, ಮತ್ತು ಪಟ್ಟು ಬಿಡದೆ ದುಡಿದವರಿಂದ ಬಂದವು. ಆದರೆ ಎಣಿಕೆಯಲ್ಲಿ ಸೇರುವುದು ಬೇರೆ, ತೀರ್ಮಾನದಲ್ಲಿ ಸೇರುವುದು ಬೇರೆ. ಸಂಖ್ಯೆ ಹೆಚ್ಚಿದರೆ ಸೇವೆಗಳಿಗೆ ಹೆಚ್ಚು ಹಣ ಕೇಳಬಹುದು; ವಲಸಿಗರು ಆ ಸಂಖ್ಯೆಯನ್ನು ಹೆಚ್ಚಿಸುತ್ತಾರೆ. ಹಿಂದೆ ತಾಯಂದಿರಿಂದ ಕೇಳಿದ್ದೂ ಇದನ್ನೇ: ತಲೆಯ ಎಣಿಕೆ ಹೆಚ್ಚಿಸಿ ಎಂದು. ತೊಟ್ಟಿಲಿನ ಜಾಗಕ್ಕೆ ವಿಮಾನ ನಿಲ್ದಾಣ ಬಂದಿದೆ. ಜನರನ್ನು ಸಂಖ್ಯೆಯಾಗಿ ಕಾಣುವ ಮನೋಭಾವ ಇನ್ನೂ ಪೂರ್ತಿ ಹೋಗಿಲ್ಲ.

ಒಕ್ಕೂಟ ಸರ್ಕಾರದ ನೀತಿಯಲ್ಲೂ ಸಂಖ್ಯೆಯೇ ಮುಂದು. ಕ್ವಿಬೆಕಿನ ಹೊರಗೆ ಬರುವ ವಲಸಿಗರಲ್ಲಿ ಶೇ. 4.4 ಜನ ಫ್ರೆಂಚ್ ಭಾಷಿಕರಾಗಿರಬೇಕೆಂಬ ಗುರಿಯನ್ನು 2003ರಲ್ಲಿ ಇಟ್ಟುಕೊಂಡು, ಅದನ್ನು ಮುಟ್ಟಿದ್ದು 2022ರಲ್ಲಿ. 2024ಕ್ಕೆ ಗುರಿಯನ್ನು ಶೇ. 6ಕ್ಕೆ ಏರಿಸಲಾಯಿತು, 2023ರಲ್ಲಿ ತಿದ್ದಿದ ಅಧಿಕೃತ ಭಾಷೆಗಳ ಕಾಯ್ದೆ ಇಂಥ ವಲಸೆ ನೀತಿಯನ್ನು ಕಡ್ಡಾಯ ಮಾಡಿತು. ಈ ವಲಸಿಗರು ಬಹುಮಟ್ಟಿಗೆ ಬರಬೇಕಾದದ್ದು ಆಫ್ರಿಕಾದಿಂದ, ಏಕೆಂದರೆ ಜಗತ್ತಿನಲ್ಲಿ ಫ್ರೆಂಚ್ ಬೆಳೆಯುತ್ತಿರುವುದು ಅಲ್ಲೇ. ಅದೇ ಹೊತ್ತಿಗೆ ಆಫ್ರಿಕಾದ ಫ್ರೆಂಚ್ ಭಾಷಿಕ ದೇಶಗಳ ವಿದ್ಯಾರ್ಥಿಗಳ ವೀಸಾ ಅರ್ಜಿಗಳು ಉಳಿದವರಿಗಿಂತ ಹೆಚ್ಚಾಗಿ ತಿರಸ್ಕೃತವಾಗುತ್ತಿರುವುದು 2022ರಲ್ಲಿ ಸಂಸದೀಯ ಸಮಿತಿಯ ಮುಂದೆ ಚರ್ಚೆಗೆ ಬಂತು. ಒಂಟಾರಿಯೊದಲ್ಲಿ 2017ರ ವರ್ಣಭೇದ ವಿರೋಧಿ ಕಾಯ್ದೆಯ ನಿಯಮಗಳಂತೆ ಶಾಲಾ ಮಂಡಳಿಗಳು 2023ರ ಆರಂಭದೊಳಗೆ ವಿದ್ಯಾರ್ಥಿಗಳ ಬಣ್ಣ, ಮೂಲಗಳ ಅಂಕಿಅಂಶ ಕಲೆಹಾಕಲು ತೊಡಗಬೇಕಿತ್ತು. ಹನ್ನೆರಡು ಫ್ರೆಂಚ್ ಮಂಡಳಿಗಳೂ ಇದಕ್ಕೆ ಒಳಪಡುತ್ತವೆ. ಈ ಅಂಕಿಗಳನ್ನು ಬಣ್ಣದ ಪ್ರಕಾರ ಮಾತ್ರ ಬಿಡಿಸಿ ನೋಡಿದರೆ ಹುಡುಗಿಯರ ಪಾಡು ಕಾಣುವುದಿಲ್ಲ, ಲಿಂಗದ ಪ್ರಕಾರ ಮಾತ್ರ ನೋಡಿದರೆ ಕಪ್ಪು ಮಕ್ಕಳು ಮರೆಯಾಗುತ್ತಾರೆ, ಮನೆಮಾತನ್ನು ಬಿಟ್ಟರೆ ಲಿಂಗಾಲಾ ಮನೆಯ ಮಗುವೂ ಮಾಂಟ್ರಿಯಲ್‌ನಿಂದ ಬಂದ ಹೈಟಿ ಮೂಲದ ಮಗುವೂ ಒಂದೇ ಕಟ್ಟಿಗೆ ಸೇರುತ್ತವೆ. ಮೂರನ್ನೂ ಒಟ್ಟಿಗೆ ಇಟ್ಟು ಓದಿ, ಮಕ್ಕಳ ಅಂಕಿಗಳ ಪಕ್ಕದಲ್ಲೇ ಶಿಕ್ಷಕರ, ಮುಖ್ಯೋಪಾಧ್ಯಾಯರ, ಮಂಡಳಿ ಸದಸ್ಯರ ಅಂಕಿಗಳನ್ನೂ ಪ್ರಕಟಿಸಿದಾಗ ಮಾತ್ರ ಮಿಯಾಂಡಾ, ಮಾದಿಬ್ಬೊ ಎತ್ತಿದ ಪ್ರಶ್ನೆಗಳನ್ನು ಶಾಲೆಶಾಲೆಯಲ್ಲೂ ಪರೀಕ್ಷಿಸಿ ನೋಡಲು ಸಾಧ್ಯವಾಗುತ್ತದೆ.